ಹಳೆ ಕಬ್ ಕೆಡೆಟ್ ಗಾರ್ಡನ್ ಟ್ರ್ಯಾಕ್ಟರ್: ದೀರ್ಘಕಾಲದ ಬಳಕೆಯ ಮೇಲೆ ಬರೆದ ವಿಮರ್ಶೆ

ಅಮೆರಿಕದಲ್ಲಿ ಎಕರೆ, ಎರಡೆಕರೆ ಜಾಗ ಇರುವ ಮನೆ ಕೊಂಡ ಕನ್ನಡಿಗರು ಮೊದಲು ನೋಡುವುದು ದೊಡ್ಡ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲಿಸಿದ ಹೊಸ ಲಾನ್ ಟ್ರ್ಯಾಕ್ಟರ್‌ಗಳನ್ನು. ಬರೀ ಹುಲ್ಲು ಕತ್ತರಿಸುವುದಾದರೆ ಅವು ಸಾಕು. ತರಕಾರಿ ಮಡಿಗೆ ನೇಗಿಲು ಹೂಡಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು, ಸೌದೆ ತುಂಬಿದ ಟ್ರೈಲರ್ ಎಳೆಯಬೇಕು ಎಂದಾದರೆ ಅವನ್ನು ನೆಚ್ಚಿಕೊಳ್ಳಬೇಡಿ. ಅವುಗಳ ಚಾಸಿ ತೆಳು, ಹಿಂದಿನ ಗೇರ್‌ಬಾಕ್ಸ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಅದೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, 1960ರ ದಶಕದ ಒಂದು ಗಟ್ಟಿ ಗಾರ್ಡನ್ ಟ್ರ್ಯಾಕ್ಟರ್ ಸಿಗುತ್ತದೆ. ನಮ್ಮ ಶಿಫಾರಸು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್, ಅದರಲ್ಲೂ 104, 124, 106, 126 ನಂಬರಿನ ಗೇರ್ ಮಾಡೆಲ್‌ಗಳು.

ಕಾರಣ ಗಾಡಿಯ ಹಿಂದಿನ ಭಾಗದಲ್ಲಿದೆ. 1961ರಲ್ಲಿ ಬಂದ ಮೊದಲ ಕಬ್ ಕೆಡೆಟ್‌ಗೆ 7 ಎಚ್‌ಪಿ ಕೋಹ್ಲರ್ ಎಂಜಿನ್ ಇತ್ತು, ಗೇರ್‌ಬಾಕ್ಸಿಗೆ ಶಕ್ತಿ ಹೋಗುತ್ತಿದ್ದದ್ದು ಬೆಲ್ಟ್ ಮೂಲಕ. 1963ರ 70 ಮತ್ತು 100 ಮಾಡೆಲ್‌ಗಳಿಂದ ಬೆಲ್ಟ್ ಹೋಗಿ ಶಾಫ್ಟ್ ಬಂತು. ಕಾರಿನ ಹಾಗೆ ಎಂಜಿನ್, ಕ್ಲಚ್, ಶಾಫ್ಟ್, ಗೇರ್‌ಬಾಕ್ಸ್ ಒಂದೇ ಗೆರೆಯಲ್ಲಿ. ಹಿಂದಿನ ಬೀಡು ಕಬ್ಬಿಣದ ಪೆಟ್ಟಿಗೆಯ ವಿನ್ಯಾಸ ಫಾರ್ಮಾಲ್ ಕಬ್ ಎಂಬ ಹೊಲದ ಟ್ರ್ಯಾಕ್ಟರಿನಿಂದ ಬಂದದ್ದು. 10-12 ಎಚ್‌ಪಿ ಎಂಜಿನ್ ಅದನ್ನು ಮುರಿಯುವುದು ಕಷ್ಟ. 1981ರಲ್ಲಿ ಈ ವಿಭಾಗ ಎಂಟಿಡಿ ಕಂಪನಿಗೆ ಮಾರಾಟವಾಯಿತು. ಹೆಸರು ಇವತ್ತಿಗೂ ಇದೆ, ಆದರೆ ಇಲ್ಲಿ ಹೇಳುತ್ತಿರುವುದು ಆ ಮಾರಾಟಕ್ಕೆ ಮುಂಚಿನ ಯಂತ್ರಗಳ ಮಾತು.

ಗೇರೋ, ಪಂಪಿನ ಎಣ್ಣೆ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ಕೋ? ಲೋಡರ್ ಕೆಲಸವಿಲ್ಲದಿದ್ದರೆ ಗೇರ್ ತೆಗೆದುಕೊಳ್ಳಿ. ಮೂರು ಮುಂದಕ್ಕೆ, ಒಂದು ಹಿಂದಕ್ಕೆ, ಅಷ್ಟೇ. ರೋಟರಿ ಟಿಲ್ಲರ್ ಹಾಕುವವರು ಅತಿ ನಿಧಾನಕ್ಕೆ ಓಡಿಸುವ ಕ್ರೀಪರ್ ಗೇರ್ ಇರುವ ಗಾಡಿ ಸಿಕ್ಕರೆ ಬೆಲೆ ಹೆಚ್ಚು ಎಂದು ಬಿಡಬೇಡಿ. ಮೊದಲ ಗೇರ್ ಕೂಡ ಟಿಲ್ಲರ್‌ಗೆ ಜೋರಾಗುತ್ತದೆ. 105, 125, 127, 147 ಹೈಡ್ರೋ ಮಾಡೆಲ್‌ಗಳು. ಅವನ್ನು ನೋಡುವಾಗ ಎಂಜಿನ್ ತಣ್ಣಗಿದ್ದಾಗ ಓಡಿಸಿದ್ದನ್ನೇ ಲೆಕ್ಕಕ್ಕೆ ಇಡಬೇಡಿ. ಅರ್ಧ ಗಂಟೆ ಓಡಿ ಎಣ್ಣೆ ಬಿಸಿಯಾದ ಮೇಲೆ ಏರು ಹತ್ತಿಸಿ. ಪಂಪ್ ಸವೆದಿದ್ದರೆ ಬಿಸಿಯಲ್ಲಿ ಕೈಕೊಡುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಗಾಡಿ ತೆವಳುತ್ತಿದ್ದರೆ, ಪಂಪನ್ನು ತಿರುಗಿಸುವ ಕಡೆ ಲಿಂಕಿನ ತೂತುಗಳು ಉದ್ದವಾಗಿರುತ್ತವೆ. ವೆಲ್ಡ್ ಮಾಡಿ ಅರದಿಂದ ಉಜ್ಜಿದರೆ ಸರಿಹೋಗುತ್ತದೆ. ಗೇರ್‌ಬಾಕ್ಸ್ ಎಣ್ಣೆ ಎರಡು ಬಗೆಗೂ ಹೈಟ್ರಾನ್ ಎಂಬ ಟ್ರ್ಯಾಕ್ಟರ್ ಎಣ್ಣೆಯೇ. ಗೇರ್ ಗಾಡಿಗೆ 7 ಪೈಂಟ್, ಹೈಡ್ರೋಗೆ 7 ಕ್ವಾರ್ಟ್. ಮಟ್ಟದ ಪ್ಲಗ್ ಬಿಚ್ಚಿದಾಗ ಹಾಲಿನಂತೆ ಬೆಳ್ಳಗಿದ್ದರೆ ಗೇರ್ ಲಿವರಿನ ರಬ್ಬರ್ ಹರಿದು ಮಳೆನೀರು ಇಳಿದಿದೆ. ಬೇಗ ಬದಲಿಸಿದರೆ ತೊಂದರೆಯಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಬೇರಿಂಗ್ ತುಕ್ಕು ಹಿಡಿದಿದ್ದರೆ ಶಬ್ದವೇ ಹೇಳುತ್ತದೆ.

ಎಂಜಿನ್ ಕೋಹ್ಲರ್ ಕೆ ಸರಣಿಯದು: 10 ಎಚ್‌ಪಿಗೆ ಕೆ241, 12ಕ್ಕೆ ಕೆ301, 14ಕ್ಕೆ ಕೆ321. ಬ್ಲಾಕ್ ಪೂರ್ತಿ ಬೀಡು ಕಬ್ಬಿಣ. ಸವೆದರೆ 0.010, 0.020, 0.030 ಇಂಚು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಕ್ರ್ಯಾಂಕ್ ಪಿನ್ 0.010 ಅರೆಸಿದರೆ ಅದಕ್ಕೆ ತಕ್ಕ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತೋಳು) ಕೂಡ ಸಿಗುತ್ತದೆ. ಆದ್ದರಿಂದ ಸ್ವಲ್ಪ ನೀಲಿ ಹೊಗೆ ಬಿಡುವ ಗಾಡಿಗೆ ಹೆದರುವ ಅಗತ್ಯವಿಲ್ಲ, ಅಷ್ಟು ದುಡ್ಡು ಕಡಿಮೆ ಕೇಳಿ. ಹೆದರಬೇಕಾದ್ದು ಒಳಗಿಂದ ಟಕಟಕ ಎನ್ನುವ ಶಬ್ದಕ್ಕೆ. ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ, ನೇರ ಕ್ರ್ಯಾಂಕ್ ಪಿನ್ ಮೇಲೆಯೇ ತಿರುಗುತ್ತದೆ, ಮಧ್ಯೆ ಬೇರಿಂಗ್ ಶೆಲ್ ಇಲ್ಲ. ಎಣ್ಣೆ ಪಂಪ್ ಕೂಡ ಇಲ್ಲ. ರಾಡಿನ ತುದಿಯ ಚಮಚದಂಥ ಭಾಗ ಎಣ್ಣೆಯನ್ನು ಚಿಮ್ಮಿಸುತ್ತದೆ. ಒಳಗಿರುವುದು 2 ಕ್ವಾರ್ಟ್ ಮಾತ್ರ. ಅದು ಕಡಿಮೆಯಾಗಿರುವಾಗ ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಿದರೆ ಚಮಚಕ್ಕೆ ಎಣ್ಣೆ ಎಟುಕುವುದಿಲ್ಲ, ರಾಡ್ ಪಿನ್ನಿಗೆ ಅಂಟಿ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ತೂತಾದ ಬ್ಲಾಕಿಗೆ ರಿಪೇರಿ ಎಂಬುದಿಲ್ಲ. ಎಸ್‌ಎಇ 30 ಎಣ್ಣೆ, 25 ಗಂಟೆಗೊಮ್ಮೆ ಬದಲು, ಪ್ರತಿ ಸಲ ಹತ್ತುವ ಮುನ್ನ ಡಿಪ್‌ಸ್ಟಿಕ್ ನೋಡುವುದು: ಇಷ್ಟರಲ್ಲಿ ರಿಯಾಯಿತಿ ಬೇಡ. ಕೆಲವು ಕೆ241ರಿಂದ ಮೇಲಿನ ಎಂಜಿನ್‌ಗಳಲ್ಲಿ ಅದುರು ತಗ್ಗಿಸುವ ಬ್ಯಾಲೆನ್ಸ್ ಗೇರ್‌ಗಳಿವೆ. ಅವುಗಳ ಬೇರಿಂಗ್ ಕೆಟ್ಟರೂ ಬ್ಲಾಕ್ ಒಡೆಯುತ್ತದೆ, ಹಾಗಾಗಿ ಎಂಜಿನ್ ಬಿಚ್ಚಿದಾಗ ಅನುಭವಿ ಮೆಕ್ಯಾನಿಕ್‌ಗಳು ಅವನ್ನು ತೆಗೆದುಬಿಡುತ್ತಾರೆ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತೆಗೆದುಕೊಂಡು ಹೋಗಿ ಪ್ರಯೋಜನವಿಲ್ಲ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಈ ಎಂಜಿನ್ ನಿಧಾನಕ್ಕೆ ತಿರುಗುವಾಗ ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಗೇಜ್ ಕಡಿಮೆಯನ್ನೇ ತೋರಿಸುತ್ತದೆ. ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಕಳಚಿ, ಪ್ಲಗ್ ಅಲ್ಲೇ ಬಿಟ್ಟು, ಮುಂದಿನ ಪುಲ್ಲಿ ಹಿಡಿದು ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿ. ಒಂದು ಹಂತದಲ್ಲಿ ಕೈಗೆ ಗಟ್ಟಿಯಾಗಿ ಒದ್ದಂತೆ ತಡೆ ಸಿಗಬೇಕು. ಸಲೀಸಾಗಿ ಸುತ್ತಿಹೋದರೆ ವಾಲ್ವ್ ಅಥವಾ ರಿಂಗ್ ಹೋಗಿದೆ. ಅದೇ ಪುಲ್ಲಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಮೇನ್ ಬೇರಿಂಗ್ ಸವೆದಿದೆ. ಸೈಲೆನ್ಸರ್ ಪೈಪನ್ನೂ ಹಿಡಿದು ಅಲ್ಲಾಡಿಸಿ. ಪೈಪ್ ನೇರ ಬ್ಲಾಕಿನ ಥ್ರೆಡ್‌ಗೆ ಕೂರುತ್ತದೆ, ಸಡಿಲವಾಗಿ ಓಡಿಸಿದ ಗಾಡಿಯಲ್ಲಿ ಆ ಥ್ರೆಡ್ ಪೂರ್ತಿ ಹೋಗಿರುತ್ತದೆ. ಕಿಡಿ ಹೊತ್ತಿಸುವ ಇಗ್ನಿಷನ್ ಪಾಯಿಂಟ್‌ಗಳ ಅಂತರ 0.020 ಇಂಚು ಇರಬೇಕು, ಸರಿಯಾಗಿ ಸ್ಟಾರ್ಟ್ ಆಗದ ಅರ್ಧ ಗಾಡಿಗಳ ರೋಗ ಇದೇ, ಔಷಧಿ ಐದು ನಿಮಿಷದ ಕೆಲಸ. ಕಾರ್ಬ್ಯುರೇಟರಿನ ಥ್ರಾಟಲ್ ಶಾಫ್ಟ್ ಅಲ್ಲಾಡುತ್ತಿದ್ದರೆ ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತದೆ, ಬುಷ್ ಹಾಕಿಸಬೇಕು.

ಮಾರುವವರು ಹೇಳದೆ ಬಿಡುವುದು ಕ್ಲಚ್ ಶಾಫ್ಟಿನ ಸಂಗತಿ. ಮುಂದೆ ಮೂರು ಪಿನ್ನಿನ ಡ್ರೈವ್ ಪ್ಲೇಟ್, ನಡುವೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದೇ ಡಿಸ್ಕ್, ಹಿಂದೆ ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲರ್; ಇವನ್ನು ಶಾಫ್ಟಿಗೆ ಹಿಡಿದಿರುವುದು ಸುರುಳಿ ಪಿನ್‌ಗಳು. ಪಿನ್ ಸವೆದರೆ ಚಿಂತೆಯಿಲ್ಲ. ಪಿನ್ ಕೂರುವ ತೂತೇ ಮೊಟ್ಟೆಯಾಕಾರ ಆಗಿದ್ದರೆ ಶಾಫ್ಟ್ ಬದಲಿಸಬೇಕು. ಟಾರ್ಚ್ ಹಿಡಿದು ಶಾಫ್ಟ್ ಹಾದುಹೋಗುವ ಸುರಂಗದ ಪಕ್ಕದಿಂದ ನೋಡಿ, ಎಂಜಿನ್ ನಿಲ್ಲಿಸಿ ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ. ಕಪ್ಲರ್ ಕದಲುವ ಮುನ್ನ ಶಾಫ್ಟ್ ಬೆರಳಗಲ ತಿರುಗಿದರೆ ಅದೇ ಕಾಯಿಲೆ. ರಿವರ್ಸ್ ಹಾಕುವಾಗ ಹಲ್ಲು ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಲಿವರ್ ಮತ್ತು ರಿಲೀಸ್ ಬೇರಿಂಗ್ ನಡುವೆ ಸುಮಾರು 0.050 ಇಂಚು ಸಂದು ಇರುವಂತೆ ಹೊಂದಿಸಿ ಮತ್ತೆ ನೋಡಿ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಓಡಿ ಗಾಡಿ ಹಿಂದುಳಿದರೆ ಡಿಸ್ಕ್ ಅಥವಾ ಸ್ಪ್ರಿಂಗ್ ಮುಗಿದಿದೆ.

1974ರಿಂದ ಬಂದ ಕ್ವಯಟ್ ಲೈನ್ ಮಾಡೆಲ್‌ಗಳು (1000, 1200, 1250, 1450, 1650) ನೋಡಲು ಚೆಂದ, ಸದ್ದೂ ಕಡಿಮೆ. ಆದರೆ ಅಲ್ಲಿ ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ರಬ್ಬರ್ ಕುಸಿದರೆ ಎಂಜಿನ್ ಬಾಗುತ್ತದೆ, ಶಾಫ್ಟಿನ ಗೆರೆ ತಪ್ಪುತ್ತದೆ, ಕಪ್ಲರ್ ಮತ್ತು ಕ್ಲಚ್ ಒಂದರ ಹಿಂದೆ ಒಂದು ಹಾಳಾಗುತ್ತವೆ. ಎಣ್ಣೆ ಪ್ಯಾನ್ ಚಾಸಿಗೆ ತಾಗಿ ಉಜ್ಜಿದ ಗುರುತು ಕಂಡರೆ ರಬ್ಬರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹಳೆಯ 104ರಲ್ಲಿ ಎಂಜಿನ್ ನೇರ ಚಾಸಿಗೇ ಬೋಲ್ಟ್ ಆಗಿರುವುದರಿಂದ ಅದುರು ಹೆಚ್ಚು, ತಾಪತ್ರಯ ಕಡಿಮೆ.

ಮುಂದಿನ ಆ್ಯಕ್ಸೆಲ್ ಜ್ಯಾಕ್ ಮೇಲೆತ್ತಿ ನಡುವಿನ ಪಿವಟ್ ಪಿನ್ ನೋಡಿ, ಗ್ರೀಸ್ ಕಾಣದ ಗಾಡಿಯಲ್ಲಿ ಅದು ಸವೆದೇ ಇರುತ್ತದೆ. ಸ್ಟೀರಿಂಗ್ ಕಾಲು ಸುತ್ತು ಸಡಿಲವಾಗಿದ್ದರೆ ಮೊದಲು ಹೊಂದಿಸುವ ಬೋಲ್ಟ್ ಬಿಗಿಮಾಡಿ. ಆಗಲೂ ಸರಿಯಾಗದಿದ್ದರೆ ಒಳಗಿನ ಪೆಗ್ ಚಪ್ಪಟೆಯಾಗಿದೆ. ಹಿಂದಿನ ಟೈರ್ 23x8.50-12. ಎಳೆತಕ್ಕೆಂದು ಹಿಂದಿನ ಮಾಲೀಕರು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿಸಿದ್ದರೆ ರಿಮ್ ಒಳಗಿಂದ ತುಕ್ಕು ತಿಂದಿರುತ್ತದೆ, ವಾಲ್ವ್ ಸುತ್ತ ಬಿಳಿ ಪುಡಿ ಕೂತಿರುವುದು ಅದರ ಗುರುತು.

ಇದೇ ಕಾಲದ ವೀಲ್ ಹಾರ್ಸ್ ಸಹ ಒಳ್ಳೆಯ ಗಾಡಿ. 8 ಸ್ಪೀಡಿನ ಗೇರ್‌ಬಾಕ್ಸ್ ಗಟ್ಟಿ, ಬೆಲ್ಟ್ ಡ್ರೈವ್ ಆದ್ದರಿಂದ ಕ್ಲಚ್ ರಿಪೇರಿ ಅಗ್ಗ. ಹಿಂದಿನ ಹಬ್‌ಗಳು ಆ್ಯಕ್ಸೆಲ್ ಮೇಲೆ ಸಡಿಲವಾಗಿವೆಯೇ ಎಂದು ಮಾತ್ರ ನೋಡಿ. 1963ರಿಂದ ಬಂದ ಜಾನ್ ಡಿಯರ್ 110 ಓಡಿಸಲು ಹಿತ, ಆದರೆ ಜನಪ್ರಿಯತೆಗಾಗಿ ಬೆಲೆ ಏರಿಸುತ್ತಾರೆ. ಓನನ್ ಅವಳಿ ಸಿಲಿಂಡರ್ ಎಂಜಿನ್ ಇರುವ ಯಾವ ಗಾಡಿಯೂ ಬೇಡ, ಭಾಗಗಳ ಬೆಲೆ ಗಾಡಿಯ ಬೆಲೆಯನ್ನು ಮೀರುತ್ತದೆ.

ಹುಲ್ಲು ಕತ್ತರಿಸುವ ಬ್ಲೇಡ್‌ಗಳಿರುವ ಡೆಕ್ 38, 42, 48 ಇಂಚಿನವು ಸಿಗುತ್ತವೆ. ಒದ್ದೆ ಹುಲ್ಲು ಅಂಟಿಕೊಂಡಿದ್ದ ಡೆಕ್ ಮೇಲ್ಭಾಗದಲ್ಲಿ, ಬ್ಲೇಡ್ ತಿರುಗುವ ಸ್ಪಿಂಡಲ್ ಬುಡದಲ್ಲಿ ತೂತು ಬಿದ್ದಿರುತ್ತದೆ, ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಡೆಕ್ ಬೇಕೆಂದರೆ ಗಾಡಿಯ ಮುಂದೆ ಬೆಲ್ಟನ್ನು ತಿರುಗಿಸುವ ಮ್ಯೂಲ್ ಡ್ರೈವ್ ಬ್ರ್ಯಾಕೆಟ್ಟೂ ಜೊತೆಗಿದೆಯೇ ಎಂದು ಮೊದಲೇ ಕೇಳಿ. ಹಿಮದ ಬ್ಲೇಡ್ ಹಾಕುವಾಗ ಅದನ್ನು ಕಳಚಿ ಗ್ಯಾರೇಜಿನ ಮೂಲೆಗೆ ಎಸೆದವರೇ ಜಾಸ್ತಿ. ಬೇರೆಯಾಗಿ ಹುಡುಕಲು ಹೊರಟರೆ ಆ ಒಂದು ತುಂಡಿಗೆ ಡೆಕ್ಕಿನಷ್ಟೇ ದುಡ್ಡು ಕೇಳುತ್ತಾರೆ.