ಗಡಸು ನೀರಿಗೆ ಯಾವ ನಳ ತಡೆಯಿತು: ಬಾಗಲಕೋಟೆ ನವನಗರದ ಮನೆಯೊಂದರ ಹೋಲಿಕೆ

ನವನಗರದಲ್ಲಿ ಹೊಸ ಮನೆ ಕಟ್ಟಿಸುವವರಿರಲಿ, ಹಳೇ ಬಚ್ಚಲ ಒಡೆಸಿ ಮಾಡಿಸುವವರಿರಲಿ, ಮಾತು ನಳದ ಕಡೆ ಹೊರಳಿದರೆ ಎಲ್ಲರದೂ ಒಂದೇ ರಾಗ: ‘ಈಗಿನ ನಳ ಎಲ್ಲಿ ತಡೀತಾವ್ರಿ?’ ನಮ್ಮ ಮನೆಯಲ್ಲಿ ನಾಲ್ಕು ಥರದ ನಳಗಳು ಒಂದೇ ಟಾಕಿಯ ನೀರಿಗೆ ದುಡಿದಿವೆ. ಹಳೇ ಕಾಲದ ತಿರುವುವ ಹಿತ್ತಾಳೆ ನಳ, ಮಿರಮಿರ ಮಿಂಚುವ ಅಗ್ಗದ ನಳ, ಅರ್ಧಕ್ಕೆ ತಿರುವಿದರೆ ಸಾಕೆನ್ನುವ ಸಿರಾಮಿಕ್ ಬಿಲ್ಲೆಯ ದುಬಾರಿ ನಳ, ಹಿತ್ತಲಿನ ಬಿಳಿ ಪ್ಲಾಸ್ಟಿಕ್ ನಳ. ಯಾವುದು ಹೇಗೆ ಕೆಟ್ಟಿತು, ಯಾವುದನ್ನು ರಿಪೇರಿ ಮಾಡಲು ಬಂತು ಎಂದು ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ, ಯಾಕೆಂದರೆ ನಳದ ಆಯುಷ್ಯ ನೀರಿನ ಕೈಯಲ್ಲಿದೆ. ಕಲಾದಗಿ, ಲೋಕಾಪುರ, ಮುಧೋಳದ ಕಡೆ ನೆಲದಡಿ ಸುಣ್ಣದ ಕಲ್ಲು. ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೇ ಆ ಕಲ್ಲನ್ನು ನಂಬಿ. ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಆ ಕಲ್ಲಿನ ಸಂದಿಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಆ ನೀರು ಕಾದರೆ, ಇಲ್ಲವೆ ನಳದ ಬಾಯಿಯಲ್ಲಿ ಹನಿ ಆರಿದರೆ, ಸುಣ್ಣ ಬಿಳಿ ಪೊರೆಯಾಗಿ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಎಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ನಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟಾಗ ಅದು ಆ 600ರ ಗೆರೆಯನ್ನೂ ದಾಟಿತ್ತು. ನಗರಸಭೆಯ ನೀರು ಮೆದುವಾಗಿದೆ, ಆದರೆ ಬಿಟ್ಟು ಬಿಟ್ಟು ಬರುತ್ತದೆ. ಖಾಲಿ ಬಿದ್ದ ಪೈಪು ಮತ್ತೆ ತುಂಬುವಾಗ ಮೊದಲು ಬರುವುದು ಗಾಳಿ, ಕೆಂಪು ರಾಡಿ, ಸಣ್ಣ ಉಸುಕು. ಟಾಕಿಯಲ್ಲಿ ಎರಡೂ ನೀರು ಕೂಡುತ್ತವೆ.

ಬಚ್ಚಲದಲ್ಲಿರುವ ಹಿತ್ತಾಳೆ ನಳ ಹಳೇ ಬಾಗಲಕೋಟೆಯ ಮನೆಯದು. ಆಲಮಟ್ಟಿಯ ಹಿನ್ನೀರು ಏರುತ್ತದೆಂದು ಊರು ಬಿಡುವಾಗ ಜನ ಬಾಗಿಲು, ಚೌಕಟ್ಟು, ತೊಲೆ, ಕಂಬ ಎಲ್ಲ ಬಿಚ್ಚಿಕೊಂಡು ನವನಗರಕ್ಕೆ ಬಂದರು. ನಮ್ಮ ಮಾವನವರು ಗೋಡೆಯ ನಳವನ್ನೂ ಬಿಚ್ಚಿ ತಂದಿದ್ದರು. ಎಷ್ಟು ಹಳೆಯದೆಂದು ಮನೆಯಲ್ಲಿ ಯಾರಿಗೂ ಲೆಕ್ಕವಿಲ್ಲ. ಅದರ ಕೆಲಸ ಬಹಳ ಸರಳ. ಹಿಡಿಕೆ ತಿರುವಿದರೆ ಒಳಗಿನ ತಿರುಪು ಇಳಿದು, ತುದಿಯಲ್ಲಿರುವ ರಬ್ಬರ್ ವಾಷರನ್ನು ನೀರಿನ ಕಿಂಡಿಯ ಮೇಲೆ ಒತ್ತುತ್ತದೆ. ಹೆಚ್ಚಾಗಿ ಸವೆಯುವುದು ಆ ವಾಷರ್. ಹನಿಯಲು ಶುರುವಾದರೆ ಟಾಕಿಯ ವಾಲ್ವ್ ಮುಚ್ಚಿ, ಪಾನಾ ಹಚ್ಚಿ ಮೇಲಿನ ತಲೆ ಬಿಚ್ಚಬೇಕು. ಅಣಬೆಯಾಕಾರದ ಪುಟ್ಟ ಹಿತ್ತಾಳೆ ತುಂಡು ಕೈಗೆ ಬರುತ್ತದೆ. ಅದರ ಬುಡದಲ್ಲಿ ಕಿಂಡಿಯ ಗುರುತು ಅಚ್ಚೊತ್ತಿದಂತೆ ಒತ್ತಿಕೊಂಡಿರುವ ಹಳೇ ವಾಷರ್. ಅದನ್ನು ಕಿತ್ತು ಹೊಸದು ಕೂರಿಸಿದರೆ ಆಯಿತು. ವಾಷರ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಸಿಗದಿದ್ದಾಗ ಮಾವನವರು ಹಳೇ ಟ್ಯೂಬು ಕತ್ತರಿಸಿ ಹಾಕುತ್ತಿದ್ದರು, ಅದೂ ನಡೆಯುತ್ತಿತ್ತು. ಹಿಡಿಕೆಯ ಬುಡದಲ್ಲಿ ನೀರು ಜಿನುಗಿದರೆ ಎಣ್ಣೆ ಸವರಿದ ದಾರ ಸುತ್ತಿ ಬಿಗಿದರೆ ಮುಗಿಯಿತು. ಸುಣ್ಣ ಕಟ್ಟಿದರೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ, ಬಣ್ಣ ಹೋದೀತೆಂಬ ಭಯವಿಲ್ಲ. ಕೊರತೆ ಇದಕ್ಕೂ ಇದೆ. ಪೂರ್ತಿ ಮುಚ್ಚಲು ಹಲವು ಸುತ್ತು ತಿರುವಬೇಕು. ಅತ್ತೆಯವರಿಗೆ ಕೀಲುನೋವು ಬಂದ ಮೇಲೆ ಅವರ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಮಕ್ಕಳು ಅರೆಬರೆ ಮುಚ್ಚಿ ಹೋಗುತ್ತಾರೆ.

ಎರಡನೆಯದು, ಮನೆ ಕಟ್ಟುವಾಗ ಗುತ್ತಿಗೆದಾರರು ಕೈತೊಳೆಯುವ ಬೇಸಿನ್ನಿಗೂ ಹೊರಗಿನ ಗೋಡೆಗೂ ಹಾಕಿದ ಮಿಂಚುವ ನಳ. ನೋಡಲು ಹಿತ್ತಾಳೆ ನಳಕ್ಕಿಂತ ಚೆಂದವೇ ಇತ್ತು. ಮೊದಲು ಬುಡದಲ್ಲಿ ಗುಳ್ಳೆ ಎದ್ದವು, ಆಮೇಲೆ ಹೊಳಪು ಸಿಪ್ಪೆಯಾಗಿ ಎದ್ದಿತು. ಒಂದು ದಿನ ಬಕೆಟ್ಟಿನ ಹಿಡಿಕೆ ತಾಗಿದ್ದಕ್ಕೇ ಹೊರಗಿನ ನಳ ಗೋಡೆಯ ಹತ್ತಿರ ಮುರಿದು ನೀರು ಚಿಮ್ಮಿತು. ಮುರಿದ ತುಂಡನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮುರಿದ ಜಾಗ ಬೂದುಬಣ್ಣ, ಸಕ್ಕರೆಯ ಹಾಗೆ ಕಣಕಣ. ಹಿತ್ತಾಳೆಯಾಗಿದ್ದರೆ ಹಳದಿ ಕಾಣಬೇಕಿತ್ತು. ಇದು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮೇಲೆ ನಿಕಲ್, ಕ್ರೋಮಿಯಂ ಲೇಪಿಸಿದ ಮಾಲು. ಲೇಪನ ಎಲ್ಲಿ ಬಿರುಕು ಬಿಟ್ಟರೂ ನೀರು ಒಳಗಿನ ಸತುವನ್ನು ತಿನ್ನತೊಡಗುತ್ತದೆ. ಮುರಿದ ಆಟೆ, ಎಂದರೆ ಪೈಪಿನೊಳಗೆ ತಿರುವಿ ಕೂರಿಸುವ ತಿರುಪಿನ ತುದಿ, ಗೋಡೆಯೊಳಗೇ ಉಳಿದಿತ್ತು. ಮಿಸ್ತ್ರಿ ಕರಗಸದ ಎಲೆಯಿಂದ ಅದನ್ನು ಒಳಗಿನಿಂದ ಸೀಳಿ, ಚಾಣದಿಂದ ಮೀಟಿ ಮೀಟಿ ತೆಗೆಯುವಷ್ಟರಲ್ಲಿ ಅರ್ಧ ದಿನ ಹೋಯಿತು. ಹೊಸ ನಳದ ರೊಕ್ಕಕ್ಕಿಂತ ಅವರ ಕೂಲಿ, ಮತ್ತೆ ಕೂರಿಸಿದ ಟೈಲಿನ ಖರ್ಚೇ ಹೆಚ್ಚು. ಅಗ್ಗದ ನಳದ ಖರೇ ಬೆಲೆ ಅಲ್ಲಿ ತಿಳಿಯಿತು.

ಅಂಗಡಿಯಲ್ಲಿ ಕೆಲವರು ನಳಕ್ಕೆ ಅಯಸ್ಕಾಂತ ಹಿಡಿದು, ‘ನೋಡ್ರಿ, ಅಂಟೂದಿಲ್ಲ, ಹಿತ್ತಾಳಿನ ಐತಿ’ ಎಂದು ತೋರಿಸುತ್ತಾರೆ. ಅದನ್ನು ನಂಬಬೇಡಿ. ಸತುವಿಗೂ ಅಯಸ್ಕಾಂತ ಅಂಟುವುದಿಲ್ಲ. ಅದರಿಂದ ಗೊತ್ತಾಗುವುದು ಕಬ್ಬಿಣವಲ್ಲ ಎಂಬುದಷ್ಟೇ. ಗೋಡೆಗೆ ಸೇರುವ ಆಟೆಯ ಒಳಬದಿ ಇಣುಕಿ, ಅಲ್ಲಿ ಲೇಪನ ಸಾಮಾನ್ಯವಾಗಿ ಇರುವುದಿಲ್ಲ. ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ವಾಪಸ್ ಕೊಡಿ. ಕೈಯಲ್ಲಿ ತೂಗಿಯೂ ನೋಡಬಹುದು. ಅದೇ ಗಾತ್ರದ ಸತುವಿನ ನಳ ಹಿತ್ತಾಳೆಯದರ ಮುಕ್ಕಾಲು ಭಾಗ ತೂಗುತ್ತದೆ. ಹಳೇ ಮಾದರಿಯ ಹಿತ್ತಾಳೆ ನಳಕ್ಕೆ ಐಎಸ್ 781 ಎಂಬ ಮಾನಕವಿದ್ದು, ಅರ್ಧ ಇಂಚಿನ, ಎಂದರೆ 15 ಮಿ.ಮೀ. ನಳ 400 ಗ್ರಾಂಗಿಂತ ಹಗುರ ಇರಬಾರದು ಎನ್ನುತ್ತದೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಗುರುತು ನಿಜವೋ ಸುಳ್ಳೋ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಮೂರನೆಯದನ್ನು ನಾವೇ ಆಸೆಪಟ್ಟು ಅಡಿಗೆಮನೆಗೆ ಹಾಕಿಸಿದ್ದು. ಗಟ್ಟಿ ಹಿತ್ತಾಳೆ, ಒಳ್ಳೇ ಲೇಪನ, ಕೈ ಬೆರಳಿನಿಂದ ದೂಡಿದರೆ ತೆರೆಯುತ್ತದೆ. ಅತ್ತೆಯವರಿಗೆ ಬಹಳ ಹಿಡಿಸಿತ್ತು. ಅದರೊಳಗೆ ವಾಷರಿನ ಬದಲು ನುಣ್ಣಗೆ ತಿಕ್ಕಿದ ಎರಡು ಸಿರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೂತಿಗೆ ತೂತು ಸೇರಿದರೆ ನೀರು, ತಪ್ಪಿದರೆ ಬಂದ್. ಮೊದಮೊದಲು ಒಂದು ಹನಿಯೂ ಸೋರಲಿಲ್ಲ. ಬರಬರುತ್ತ ಬಿಗಿಯಾಯಿತು, ಆಮೇಲೆ ಮುಚ್ಚಿದರೂ ದಾರದಂತೆ ನೀರು. ಮಿಸ್ತ್ರಿ ಬಿಚ್ಚಿ ಬಿಲ್ಲೆಗಳನ್ನು ಅಂಗೈಯಲ್ಲಿ ಇಟ್ಟರು. ಬಿಳಿ ಬಿಲ್ಲೆಯ ಮೇಲೆ ಉಗುರಿಗೆ ತಾಗುವಂಥ ಒಂದು ಗೀರು, ಅಂಚಿನಲ್ಲಿ ಸುಣ್ಣದ ಪಟ್ಟಿ, ಅದರಲ್ಲಿ ಸಿಕ್ಕಿಕೊಂಡ ಉಸುಕಿನ ಕಣ. ‘ಅಕ್ಕಾರ, ಇದರಾಗ ರಿಪೇರಿ ಮಾಡೂವಂಥಾದ್ದು ಏನೂ ಇಲ್ಲರಿ. ಒಳಗಿನ ಸೆಟ್ಟ ಪೂರಾ ಹೊಸಾದು ಬೇಕು. ಅದೂ ಇದ ಕಂಪನೀದ ಆಗಬೇಕು, ಬ್ಯಾರೇದು ಕೂಡಂಗಿಲ್ಲ,’ ಎಂದರು. ಊರೆಲ್ಲ ಹುಡುಕಿದರೂ ಆ ಮಾದರಿಯ ಸೆಟ್ ಸಿಗಲಿಲ್ಲ, ಮಾದರಿಯೇ ನಿಂತಿದೆ ಎಂದರು ಅಂಗಡಿಯವರು. ಹೊರಗೆ ಒಂದು ಗೀರೂ ಇಲ್ಲದ ಗಟ್ಟಿ ಹಿತ್ತಾಳೆಯ ನಳ, ಒಳಗಿನ ಬೆರಳುದ್ದದ ಸಾಮಾನು ಸಿಗದೆ ಮೋಡಕಾ (ಗುಜರಿ) ಅಂಗಡಿಗೆ ಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಸವೆಯುವ ಭಾಗ ಯಾವ ನಳಕ್ಕೂ ತಪ್ಪಿದ್ದಲ್ಲ. ಆ ಭಾಗವನ್ನು ಎಲ್ಲರ ನಳಕ್ಕೂ ಒಂದೇ ಅಳತೆಯಲ್ಲಿ ಮಾಡುತ್ತಿದ್ದ ಕಾಲ ಹೋಗಿ, ಒಬ್ಬೊಬ್ಬರದು ಒಂದೊಂದು ಅಳತೆ, ಹಲ್ಲು ಬೇರೆ, ಉದ್ದ ಬೇರೆ ಎಂದಾಗಿದೆ. ಲೋಹ ಒಳ್ಳೆಯದಿದ್ದೂ ನಳ ಸಾಯುತ್ತದೆ.

ಇದೇ ಥರದ ನಳ ಬೆಳಗಾವಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಚೆನ್ನಾಗಿಯೇ ನಡೆದಿದೆ, ಅದನ್ನೂ ಹೇಳಬೇಕು. ಅಲ್ಲಿಗೆ ರಕ್ಕಸಕೊಪ್ಪದ ಜಲಾಶಯದ ಮೆದು ನೀರು. 2008ರಲ್ಲಿ ದಿನದ 24 ತಾಸು ನೀರು ಕೊಡುವ ಪ್ರಯೋಗ ಶುರುವಾದ ಬಡಾವಣೆಗಳಲ್ಲಿ ಅವರದೂ ಒಂದು. ಪೈಪು ಸದಾ ತುಂಬಿರುವುದರಿಂದ ರಾಡಿ, ಉಸುಕು ಕಡಿಮೆ. ಅಲ್ಲಿ ಅದೇ ನಳ ಸೊಗಸು. ನಮ್ಮಲ್ಲಿ ಹಾಕಿಸುವುದಾದರೆ ಟಾಕಿಯಿಂದ ಇಳಿಯುವ ಪೈಪಿಗೆ ಜಾಲರಿ ಕೂರಿಸಿ, ಬಿಲ್ಲೆಯ ಸೆಟ್ ಎರಡು ಹೆಚ್ಚಿಗೆ ಕೊಂಡಿಟ್ಟುಕೊಂಡೇ ಹಾಕಿಸಬೇಕು. ಇನ್ನೊಂದು ತೊಂದರೆ ಒತ್ತಡದ್ದು. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ. ನಮ್ಮ ಟಾಕಿ ಇರುವುದು ಮಾಳಿಗೆಯ ಮೇಲೆ, ನಳದಿಂದ ಮೂರು-ನಾಲ್ಕು ಮೀಟರ್ ಎತ್ತರದಲ್ಲಿ. ಅರ್ಧ ಬಾರೂ ಇಲ್ಲ. ಸಣ್ಣ ಕಿಂಡಿಯ, ಬಾಯಿಗೆ ಜರಡಿ ಇರುವ ಹೊಸ ನಳದಲ್ಲಿ ಕೊಡ ತುಂಬುವುದೇ ದೊಡ್ಡ ಕೆಲಸ. ಆ ಜರಡಿಗೆ ಸುಣ್ಣ ಕಟ್ಟಿದರಂತೂ ಹೇಳುವುದೇ ಬೇಡ. ವಾರಕ್ಕೊಮ್ಮೆ ಬಿಚ್ಚಿ ಲಿಂಬಿಹಣ್ಣಿನ ರಸದಲ್ಲಿ ನೆನೆಹಾಕುತ್ತಿದ್ದೆ. ಹಳೇ ನಳದ ಬಾಯಿ ಅಗಲ, ಬಕೆಟ್ ಬೇಗ ತುಂಬುತ್ತದೆ.

ಪ್ಲಾಸ್ಟಿಕ್ ನಳದ ಬಗ್ಗೆ ಯಾರೂ ಒಳ್ಳೆಯ ಮಾತಾಡುವುದಿಲ್ಲ, ಆದರೆ ಹಿತ್ತಲಿನಲ್ಲಿ ಗೆದ್ದದ್ದು ಅದೇ. ಪಿಟಿಎಂಟಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಎಂದು ಕೇಳಿ ತನ್ನಿ, ಬೀದಿಬದಿಯ ತೆಳು ಪ್ಲಾಸ್ಟಿಕ್ ಬೇರೆ, ಇದು ಬೇರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇಂಥ 15 ಮಿ.ಮೀ. ನಳ ಕನಿಷ್ಠ 88 ಗ್ರಾಂ ಇರಬೇಕೆಂದಿದೆ. ಅದಕ್ಕಿಂತ ಹಗುರವಾದದ್ದನ್ನು ಮುಟ್ಟಬೇಡಿ. ತುಕ್ಕಿಲ್ಲ, ಸಿಪ್ಪೆ ಏಳಲು ಲೇಪನವೇ ಇಲ್ಲ, ಸುಣ್ಣ ಕಟ್ಟಿದರೂ ಬೆರಳಿನಿಂದ ಒತ್ತಿದರೆ ಕಳಚುತ್ತದೆ. ಎಮ್ಮೆಗೆ ನೀರು, ಗಿಡಕ್ಕೆ ನೀರು, ಭಾಂಡೆ ತೊಳೆಯುವ ನೀರು ಎಲ್ಲ ಅದರಲ್ಲೇ. ಬಿಸಿಲಿಗೆ ಹಳದಿಯಾಗಿ ಹಿಡಿಕೆ ಬಿರುಸಾಗುತ್ತದೆ, ಬಿಗಿಯಾಗಿ ತಿರುವಿದರೆ ಮುರಿಯುತ್ತದೆ. ಬಚ್ಚಲಿನ ಬಿಸಿನೀರಿಗೆ ನಾನು ಹಾಕಿಸಲಾರೆ.

ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ಹಳೇ ಕಾಲದ ಕೆಟ್ಟ ನಳಗಳು ಆಗಲೇ ಮುರಿದು ಹೋದವು, ಉಳಿದು ನಮ್ಮ ಕಣ್ಣಿಗೆ ಬೀಳುತ್ತಿರುವುದು ಗಟ್ಟಿ ಇದ್ದವು ಮಾತ್ರ. ಪೈಪಿನ ವಿಷಯದಲ್ಲಂತೂ ಹೊಸದೇ ಮೇಲು. ಹಳೇ ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಕತ್ತರಿಸಿದಾಗ ಒಳಗೆ ತುಕ್ಕು, ಸುಣ್ಣ ಕೂಡಿ ಕಿರುಬೆರಳು ಹೋಗುವಷ್ಟೇ ದಾರಿ ಉಳಿದಿತ್ತು. ಈಗಿನ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಆ ಕಾಟವಿಲ್ಲ, ಬಿಸಿನೀರಿಗೂ ತಡೆಯುತ್ತದೆ.

ನಳದಲ್ಲಿ ಕಂಡದ್ದೇ ನೀರು ಕಾಯಿಸುವ ಸಾಮಾನಿನಲ್ಲೂ ಕಂಡೆ. ನಮ್ಮಲ್ಲಿ ತಾಮ್ರದ ಹಂಡೆಯೂ ಇದೆ, ಗೀಸರೂ ಇದೆ. ಸುಣ್ಣ ಎರಡಕ್ಕೂ ಕಟ್ಟುತ್ತದೆ. ಹಂಡೆಯ ಬಾಯಿ ತೆರೆದಿರುವುದರಿಂದ ಕೈ ಹಾಕಿ ಕೆರೆದು ತೆಗೆಯಬಹುದು. ದೀಪಾವಳಿಯ ನೀರು ತುಂಬುವ ದಿನ ಹೇಗೂ ಹಂಡೆಯನ್ನು ಒಳಗೂ ಹೊರಗೂ ತಿಕ್ಕಿ ತೊಳೆಯುತ್ತೇವೆ. ಗೀಸರಿನೊಳಗೆ ಏನು ನಡೆದಿದೆ ಎಂದು ಯಾರೂ ನೋಡುವುದಿಲ್ಲ. ನಮ್ಮದರಲ್ಲಿ ನೀರು ಕಾಯಲು ಹೊತ್ತು ಹಿಡಿಯುತ್ತ ಹೋಯಿತು, ಒಳಗೆ ಕಲ್ಲು ಉರುಳಿದಂತೆ ಸದ್ದು. ಬಿಚ್ಚಿಸಿದಾಗ ಕಾಯಿಸುವ ಸುರುಳಿಯ ಮೇಲೆ ಬೆರಳು ದಪ್ಪದ ಸುಣ್ಣದ ಚಕ್ಕೆ. ಪಕ್ಕದಲ್ಲಿ ಮೆಗ್ನೀಷಿಯಂ ಸರಳು ಇದ್ದ ಜಾಗದಲ್ಲಿ ತೆಳ್ಳಗಿನ ಕಬ್ಬಿಣದ ತಂತಿ ಮಾತ್ರ. ಆ ಸರಳು ಇರುವುದೇ ಗೀಸರಿನೊಳಗಿನ ಟಾಕಿಯ ಬದಲು ತಾನು ಸವೆಯಲೆಂದು. ಅದು ಮುಗಿದ ಮೇಲೆ ನೀರು ಟಾಕಿಯ ಉಕ್ಕನ್ನೇ ತಿನ್ನುತ್ತದೆ, ಆಗ ಗೀಸರ್ ಸೋರಿ ಗುಜರಿಗೆ. ಸರಳು ಬಿಡಿಯಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಮಾರುವಾಗ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಗಡಸು ನೀರಿನ ಮನೆಯವರು ವರ್ಷಕ್ಕೊಮ್ಮೆಯಾದರೂ ಅದನ್ನು ಬಿಚ್ಚಿಸಿ ನೋಡಬೇಕು, ಬಿಸಿಯ ಮಟ್ಟವನ್ನು 60 ಡಿಗ್ರಿಯ ಕೆಳಗಿಡಬೇಕು. ನೀರು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಈಗ ನಮ್ಮ ಮನೆಯಲ್ಲಿ ಬಚ್ಚಲಕ್ಕೆ, ಅಡಿಗೆಮನೆಗೆ ವಾಷರಿನ ಹಿತ್ತಾಳೆ ನಳ, ಹಿತ್ತಲಿಗೆ ಪಿಟಿಎಂಟಿ. ಅತ್ತೆಯವರ ಕೋಣೆಯ ಬೇಸಿನ್ನಿಗೆ ಮಾತ್ರ ಅರ್ಧ ಸುತ್ತಿನ ನಳ, ಅದಕ್ಕೆ ಜಾಲರಿಯೂ ಉಂಟು, ಹೆಚ್ಚಿನ ಸೆಟ್ ಕಪಾಟಿನಲ್ಲಿ ಉಂಟು. ಗೀಸರ್ ಬಿಚ್ಚಿಸಿ ನೋಡುವ ಕೆಲಸವನ್ನು ನೀರು ತುಂಬುವ ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇವೆ. ಹಂಡೆ ತಿಕ್ಕುವ ಹೊತ್ತಿಗೆ ಮಿಸ್ತ್ರಿಯೂ ಬರುತ್ತಾರೆ.