ಪ್ಲೇಟ್ ಚೆನ್ನಾಗಿ ಕೂತಿತು, ಗಾಯ ಮಾಯಲಿಲ್ಲ: ಬಳ್ಳಾರಿಯ ಒಂದು ಮೂಳೆ ಆಸ್ಪತ್ರೆಯ ಅನುಭವ

ಸಿರುಗುಪ್ಪದ ಕಡೆ ಕಾಲುವೆ ದಂಡೆಯ ಮೇಲೆ ಬೈಕಿನಿಂದ ಬಿದ್ದ ನಮ್ಮಣ್ಣನ ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಗಾಯದ ತುಂಬ ಗದ್ದೆಯ ಕೆಸರು. ಬಳ್ಳಾರಿಯ ಒಂದು ಖಾಸಗಿ ಮೂಳೆ ಆಸ್ಪತ್ರೆಯವರು ಆ ರಾತ್ರಿಯೇ ಗಾಯ ತೊಳೆದು, ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟು, ಎರಡು ದಿನ ಬಿಟ್ಟು ಮುರಿದ ಮೂಳೆ ಹಿಡಿದಿಡುವ ಲೋಹದ ಪ್ಲೇಟ್ ಕೂರಿಸಿದರು. ಇಷ್ಟರ ಬಗ್ಗೆ ನನ್ನ ದೂರಿಲ್ಲ. ಇಂಥ ತೆರೆದ ಗಾಯದಲ್ಲಿ ಸೋಂಕಿನ ಅಪಾಯ ಹೆಚ್ಚೆಂದೂ, ಅಣ್ಣನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇನ್ನಷ್ಟು ಎಚ್ಚರ ಬೇಕೆಂದೂ ವೈದ್ಯರು ಮೊದಲೇ ತಿಳಿಸಿದ್ದರು. ಬಿಲ್ಲೂ ಹೇಳಿದ್ದಕ್ಕಿಂತ ಹೆಚ್ಚಾಗಲಿಲ್ಲ.

ತೊಂದರೆ ಇರುವುದು ಡ್ರೆಸ್ಸಿಂಗ್ ಕೋಣೆಯಲ್ಲಿ. ಐದನೆಯ ವಾರ ಹೊಲಿಗೆಯ ಕೆಳತುದಿಯಲ್ಲಿ ಕಡಲೆಕಾಳಿನಷ್ಟು ತೂತಾಗಿ, ಬೆಳಿಗ್ಗೆ ಕಟ್ಟಿದ ಪಟ್ಟಿ ಮಧ್ಯಾಹ್ನದೊಳಗೆ ಹಳದಿಯಾಗತೊಡಗಿತು. ಅಲ್ಲಿನ ಸಿಬ್ಬಂದಿ ಅದನ್ನು ಬರೀ ನೀರೆಂದರು. ಮೂರು ಸಲ ಹೋದಾಗ ಮೂರು ಬಗೆಯ ಮಾತ್ರೆ ಸಿಕ್ಕವೇ ಹೊರತು, ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಕಲ್ಚರ್ ಪರೀಕ್ಷೆಯ ಮಾತನ್ನೇ ಯಾರೂ ಎತ್ತಲಿಲ್ಲ. ಪಕ್ಕದ ರೋಗಿಯ ಪಟ್ಟಿ ಬಿಚ್ಚಿದ ಕತ್ತರಿಯನ್ನೇ ಅಣ್ಣನ ಕಾಲಿಗೆ ತಂದಾಗ ನಾನೇ ಕೈ ಅಡ್ಡ ಹಿಡಿಯಬೇಕಾಯಿತು.

ಲೋಹದ ಮೇಲೆ ಕೂತ ಬ್ಯಾಕ್ಟೀರಿಯಾಗಳು ಬಯೋಫಿಲ್ಮ್ ಎಂಬ ಅಂಟಿನ ಪದರ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ. ಕೆರೆ ಮೆಟ್ಟಿಲಿನ ಪಾಚಿಯ ಹಾಗೆ ಅದನ್ನು ಉಜ್ಜಿಯೇ ತೆಗೆಯಬೇಕು. ಬರೀ ಮಾತ್ರೆಯಿಂದ ಕೀವು ನಾಲ್ಕು ದಿನ ನಿಂತಂತೆ ಕಂಡು ಮತ್ತೆ ಸೋರುತ್ತದೆ. ಮೇಲಾಗಿ, ಮಾತ್ರೆ ನುಂಗುತ್ತಲೇ ಇದ್ದರೆ ಮುಂದೆ ಕಲ್ಚರ್ ಮಾಡಿಸಿದರೂ ಏನೂ ಬೆಳೆಯದೆ ಹೋಗಬಹುದು.

ನಾವು ಪಟ್ಟು ಹಿಡಿದು ದೊಡ್ಡ ಡಾಕ್ಟರನ್ನೇ ಕಂಡ ಮೇಲೆ ಕೆಲಸ ಸರಿದಾರಿಗೆ ಬಂತು. ಅವರು 2 ವಾರ ಮಾತ್ರೆ ನಿಲ್ಲಿಸಿ, ಗಾಯ ತೆರೆದು ಶುಚಿಗೊಳಿಸಿ, ಒಳಗಿನ 5 ಕಡೆಯ ಮಾಂಸದ ತುಣುಕುಗಳನ್ನು ಪರೀಕ್ಷೆಗೆ ಕಳಿಸಿದರು. ಬಂದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ಇಂಥ ಸೋಂಕಿನಲ್ಲಿ ತೀರ ಸಾಮಾನ್ಯವಾದದ್ದು. ಸ್ಕ್ರೂಗಳು ಬಿಗಿಯಾಗಿಯೇ ಇದ್ದುದರಿಂದ ಮೂಳೆ ಕೂಡುವವರೆಗೆ ಪ್ಲೇಟ್ ಇರಲಿ ಎಂದರು. ಆಮೇಲೆ 12 ವಾರದ ಔಷಧ. ಅದರಲ್ಲಿ ರಿಫಾಂಪಿಸಿನ್ ಕೂಡ ಇತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಣ್ಣ ಗಾಬರಿಯಾಗಿ ನಡುರಾತ್ರಿ ಫೋನ್ ಮಾಡಿದ. ಅದು ಆ ಮಾತ್ರೆಯ ಬಣ್ಣವೆಂದು ಮರುದಿನ ತಿಳಿಸಿದವನು ಮೆಡಿಕಲ್ ಅಂಗಡಿಯ ಹುಡುಗ, ಬರೆದುಕೊಟ್ಟವರಲ್ಲ.

ಈಗ ತೂತು ಮುಚ್ಚಿದೆ, ಸೋಂಕು ಅಥವಾ ಉರಿಯೂತ ಇದ್ದಾಗ ಏರುವ ರಕ್ತದ ಸಿಆರ್‌ಪಿ ಇಳಿದಿದೆ. ಶಸ್ತ್ರಚಿಕಿತ್ಸೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಆಮೇಲಿನ ಆರೈಕೆಗೆ ಒಂದು. ಕಳೆದ ವಾರ ತೋರಿಸಲು ಹೋದಾಗಲೂ ಆ ಕತ್ತರಿ ಅದೇ ತಟ್ಟೆಯಲ್ಲಿತ್ತು. ಪಟ್ಟಿ, ಕತ್ತರಿ ಎರಡನ್ನೂ ನಾವು ಮನೆಯಿಂದಲೇ ಒಯ್ದಿದ್ದೆವು.