ಕ್ಯೂ-ಇನ್-ಕ್ಯೂ ಲಿಂಕ್, ಎರಡು ವರ್ಷದ ಬಳಕೆ: ಬೇರ್ಪಡಿಸುವುದರಲ್ಲಿ ಪಕ್ಕಾ, 4 ಬೈಟಿಗೆ ಪರದಾಟ

ಕ್ಯೂ-ಇನ್-ಕ್ಯೂ, ಅಂದರೆ ಟ್ಯಾಗಿನ ಹೊರಗೆ ಇನ್ನೊಂದು ಟ್ಯಾಗ್ ಹಾಕಿ, ಮೂರು ಕಚೇರಿಗಳನ್ನು ಒಂದೇ ಲೇಯರ್-2 ಜಾಲವಾಗಿ (ಒಂದೇ ಸ್ಥಳೀಯ ಜಾಲದಂತೆ) ಹೊಲಿದು ಕೊಡುವ ಸೇವೆ ಇದು. ವೇಗದ ಬಗ್ಗೆ ದೂರಿಲ್ಲ, ಒಪ್ಪಂದದಲ್ಲಿ ಬರೆದಷ್ಟು ಸಿಗುತ್ತದೆ.

ನಿಜವಾದ ಸುಖ ಬೇರೆ ಕಡೆ ಇದೆ. ಹೊಸ ವಿಲ್ಯಾನ್ (ಜಾಲದೊಳಗಿನ ಪ್ರತ್ಯೇಕ ವಿಭಾಗ; ಅದರ ಸಂಖ್ಯೆ ಪ್ರತಿ ಫ್ರೇಮಿನ, ಅಂದರೆ ದತ್ತಾಂಶದ ಕಟ್ಟಿನ, ಟ್ಯಾಗಿನಲ್ಲಿರುತ್ತದೆ) ಬೇಕಾದರೆ ಯಾರಿಗೂ ಟಿಕೆಟ್ ಹಾಕಬೇಕಿಲ್ಲ. ನಮ್ಮ ಸ್ವಿಚ್ಚುಗಳಲ್ಲಿ 30 ಎಂದು ಸೇರಿಸಿ ಟ್ರಂಕಿನಲ್ಲಿ (ಹಲವು ವಿಲ್ಯಾನ್ ಸಾಗಿಸುವ ಕೊಂಡಿಯಲ್ಲಿ) ಬಿಟ್ಟರೆ ಆಚೆ ಕಚೇರಿಯಲ್ಲೂ 30 ಆಗಿಯೇ ಇಳಿಯುತ್ತದೆ. ಪೂರೈಕೆದಾರರ ಅಂಚಿನ ಸ್ವಿಚ್ ನಮ್ಮ ಟ್ಯಾಗನ್ನು ಮುಟ್ಟದೆ, ಅದರ ಹೊರಗೆ ತನ್ನದೊಂದು ಎಸ್-ಟ್ಯಾಗ್ ಹಾಕಿ ಒಳಗೆ ಕಳಿಸುತ್ತದೆ. ಕೊನೆಯಲ್ಲಿ ಅದನ್ನು ಬಿಚ್ಚಿ ಕೊಡುತ್ತದೆ. ಈ ವಿಧಾನದ ಮಾನಕ 802.1ಎಡಿ ಪ್ರಕಾರ ಹೊರಗಿನದರ ಗುರುತು 88ಎ8, ಒಳಗಿನದು 8100. ಇನ್ನೊಬ್ಬ ಗ್ರಾಹಕರೂ 30 ಬಳಸುತ್ತಿದ್ದರೆ ಚಿಂತೆಯಿಲ್ಲ, ಅವರ ಹೊರ ಟ್ಯಾಗ್ ಬೇರೆ. ವಿಲ್ಯಾನ್ ಸಂಖ್ಯೆಯ 12 ಬಿಟ್‌ನಲ್ಲಿ ಸಿಗುವ 4094 ಸಂಖ್ಯೆಗಳನ್ನು ಎಲ್ಲ ಗ್ರಾಹಕರೂ ಹಂಚಿಕೊಳ್ಳುವ ಕಷ್ಟ ಇಲ್ಲಿಲ್ಲ.

ಆದರೆ ಆ ಹೊರ ಟ್ಯಾಗಿಗೆ 4 ಬೈಟ್ ಜಾಗ ಬೇಕು. ಬೇಸರವೆಲ್ಲ ಅಲ್ಲಿಂದಲೇ ಶುರು.

ಟ್ಯಾಗ್ ಇಲ್ಲದ ದೊಡ್ಡ ಫ್ರೇಮ್ 1518 ಬೈಟ್, ಒಂದು ಟ್ಯಾಗ್ ಇದ್ದರೆ 1522, ಎರಡಿದ್ದರೆ 1526. ದಾರಿಯಲ್ಲಿ ಒಂದೇ ಒಂದು ಸ್ವಿಚ್ 1522ಕ್ಕೆ ನಿಂತುಬಿಟ್ಟಿದ್ದರೂ ಸಾಕು. ಸಣ್ಣ ಪಿಂಗ್ (ಸಂಪರ್ಕ ಪರೀಕ್ಷೆಯ ಸಂದೇಶ) ಹೋಗುತ್ತದೆ, ಲಾಗಿನ್ ಆಗುತ್ತದೆ, ಫೈಲ್ ಕಾಪಿ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಸ್ವಿಚ್ ದೊಡ್ಡ ಫ್ರೇಮನ್ನು ತುಂಡು ಮಾಡುವುದಿಲ್ಲ, ಕಳಿಸಿದವರಿಗೆ ಐಸಿಎಂಪಿ (ಜಾಲದ ದೋಷ ತಿಳಿಸುವ) ಸಂದೇಶವನ್ನೂ ಕೊಡುವುದಿಲ್ಲ, ಸುಮ್ಮನೆ ಬಿಸಾಡುತ್ತದೆ. ಹೀಗಾಗಿ ಪಾತ್ ಎಂಟಿಯು ಹುಡುಕಾಟವೂ (ದಾರಿಯಲ್ಲಿ ಸಾಗುವ ಅತಿ ದೊಡ್ಡ ಪ್ಯಾಕೆಟ್ ಗಾತ್ರ, ಅಂದರೆ ಎಂಟಿಯು, ಪತ್ತೆಹಚ್ಚುವುದು) ಕೈಕೊಡುತ್ತದೆ. ಟ್ಯಾಗ್ ಇಲ್ಲದ ದಟ್ಟಣೆ ಸರಿಯಾಗಿಯೇ ಓಡುವುದರಿಂದ ಬೆಂಬಲ ತಂಡದ ಉತ್ತರ ಪ್ರತಿ ಸಲ ಒಂದೇ: 'ಲಿಂಕ್ ಅಪ್ ಇದೆ.'

ಅದಕ್ಕೇ ಪ್ರತಿ ನಿರ್ವಹಣಾ ರಾತ್ರಿಯ ಮರುದಿನ ಬೆಳಿಗ್ಗೆ ಮಾಡುವ ಮೊದಲ ಕೆಲಸ ಪಿಂಗ್. ಟ್ಯಾಗ್ ಇರುವ ವಿಲ್ಯಾನಿನಿಂದ, 'ತುಂಡು ಮಾಡಬೇಡ' ಗುರುತು ಹಾಕಿ, 1472 ಗಾತ್ರದಲ್ಲಿ ಕಳಿಸಬೇಕು. ಐಪಿ ಮತ್ತು ಐಸಿಎಂಪಿ ತಲೆಬರಹದ 28 ಸೇರಿ ಅದು ಸರಿಯಾಗಿ 1500. ಉತ್ತರ ಬಂತೋ, ದಿನ ನೆಮ್ಮದಿ. 1468 ಹೋಗಿ 1469 ಬಿದ್ದರೆ, ಕಾಣೆಯಾದ ಆ 4 ಬೈಟ್ ಹೊರ ಟ್ಯಾಗಿನದೇ. ಈ ಅಂಕಿಗಳನ್ನು ಬರೆದು ಕಳಿಸಿದ ಮೇಲೆಯೇ ದೂರು ಮೇಲಿನ ಹಂತಕ್ಕೆ ಹೋಗುವುದು.

ಒಮ್ಮೆ ಸರಿಪಡಿಸಿದ ದೋಷ ಮತ್ತೆ ಬಂತು. ಕಾರಣ: ಪೂರೈಕೆದಾರರು ಮುಖ್ಯ ದಾರಿಯ ಸ್ವಿಚ್ಚುಗಳಲ್ಲಷ್ಟೇ ಎಂಟಿಯು ಏರಿಸಿದ್ದರು, ಬ್ಯಾಕಪ್ ದಾರಿಯನ್ನು ಹಾಗೇ ಬಿಟ್ಟಿದ್ದರು. ಫೈಬರ್ ಕಡಿದು ದಟ್ಟಣೆ ಅತ್ತ ತಿರುಗಿದಾಗ ಅದೇ ಹಳೆಯ ಕಥೆ. ಅದನ್ನು ಸರಿಪಡಿಸುವವರೆಗೆ ನಮ್ಮ ರೂಟರ್ ಇಂಟರ್ಫೇಸಿನ ಎಂಟಿಯುವನ್ನು 1496ಕ್ಕೆ ಇಳಿಸಬಹುದು. ಟಿಸಿಪಿ ಎಂಎಸ್ಎಸ್ (ಒಂದು ಟಿಸಿಪಿ ತುಂಡಿನ ಗರಿಷ್ಠ ದತ್ತಾಂಶ) 1456ಕ್ಕೆ ಕಟ್ಟಿಹಾಕಿದರೂ ನಡೆಯುತ್ತದೆ, ಆದರೆ ಅದರಿಂದ ಟಿಸಿಪಿ ಬಳಸದ ಯುಡಿಪಿ ದಟ್ಟಣೆಗೆ ಪ್ರಯೋಜನವಿಲ್ಲ.

ಇನ್ನೊಂದು ತೊಡಕಿನಲ್ಲಿ ತಪ್ಪು ಪೂರೈಕೆದಾರರದ್ದಲ್ಲ. ನಮ್ಮ ವಿಲ್ಯಾನ್‌ಗಳೆಲ್ಲ ಒಂದೇ ಎಸ್-ವಿಲ್ಯಾನಿನಲ್ಲಿ (ಹೊರ ಟ್ಯಾಗಿನ ವಿಲ್ಯಾನಿನಲ್ಲಿ) ಸಾಗುವುದರಿಂದ ಅವರ ಮ್ಯಾಕ್ ಪಟ್ಟಿಗೆ (ಯಾವ ಸಾಧನದ ವಿಳಾಸ ಯಾವ ಪೋರ್ಟಿನ ಕಡೆ ಇದೆ ಎಂಬ ಪಟ್ಟಿಗೆ) ಒಳ ಟ್ಯಾಗ್ ಕಾಣುವುದಿಲ್ಲ. ಎರಡು ವಿಲ್ಯಾನಿಗೆ ಒಂದೇ ವಿಆರ್‌ಆರ್‌ಪಿ (ಹಲವು ರೂಟರ್ ಸೇರಿ ಒಂದೇ ವಿಳಾಸದಲ್ಲಿ ಕೆಲಸ ಮಾಡುವ ವ್ಯವಸ್ಥೆ; ಅದರ ಮ್ಯಾಕ್ ಗುಂಪು ಸಂಖ್ಯೆಯಿಂದಲೇ ಬರುತ್ತದೆ) ಗುಂಪು ಸಂಖ್ಯೆ ಕೊಟ್ಟು, ಒಂದರ ಮಾಸ್ಟರ್ (ಸದ್ಯ ಕೆಲಸ ಮಾಡುವ ರೂಟರ್) ಇಲ್ಲಿ, ಇನ್ನೊಂದರದ್ದು ಅಲ್ಲಿ ಇದ್ದರೆ, ಒಂದೇ ಮ್ಯಾಕ್ ಎರಡು ಕಡೆಯಿಂದ ಬಂದು ಪಟ್ಟಿ ಅತ್ತಿತ್ತ ಹೊಯ್ದಾಡುತ್ತದೆ. ವಿಲ್ಯಾನಿಗೊಂದು ಗುಂಪು ಸಂಖ್ಯೆ ಕೊಟ್ಟರೆ ನಿಲ್ಲುತ್ತದೆ.

ಇಷ್ಟಾದರೂ ಈ ಸೇವೆಯನ್ನು ಬಿಡುವ ಮನಸ್ಸಿಲ್ಲ; ಎರಡು ವರ್ಷದಲ್ಲಿ ಬೇರೆಯವರ ಒಂದು ಫ್ರೇಮೂ ನಮ್ಮ ಪೋರ್ಟಿನಲ್ಲಿ ಕಂಡಿಲ್ಲ. ಹೊಸದಾಗಿ ತೆಗೆದುಕೊಳ್ಳುವವರು ಸಹಿಗೆ ಮುಂಚೆ ಎರಡನ್ನು ಲಿಖಿತವಾಗಿ ಕೇಳಿ. ಬ್ಯಾಕಪ್ ಸೇರಿ ಎಲ್ಲ ದಾರಿಯಲ್ಲೂ 1526 ಬೈಟ್ ಫ್ರೇಮ್ ಸಾಗುತ್ತದೆಯೇ? ನಿಮ್ಮ ಎಸ್-ವಿಲ್ಯಾನ್ ಅವರ ಯಾವ ಟ್ರಂಕಿನಲ್ಲೂ ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದೆ ಸಾಗುವ ವಿಲ್ಯಾನ್) ಆಗಿಲ್ಲ ತಾನೇ? ಆಗಿದ್ದರೆ ಹೊರ ಟ್ಯಾಗ್ ಇಲ್ಲದೆಯೇ ಫ್ರೇಮ್ ಹೊರಟು, ಮುಂದಿನ ಸ್ವಿಚ್ ನಿಮ್ಮ ಒಳ ಟ್ಯಾಗನ್ನೇ ತನ್ನದೆಂದು ಓದಿ ಇನ್ಯಾರದೋ ಜಾಲಕ್ಕೆ ತಳ್ಳಬಹುದು.